ನೋಡದ ಡಾಕ್ಟ್ರಿಗೆ 900 ರೂಪಾಯಿ: ಆಸ್ಪತ್ರೆಯ ವೈದ್ಯಕೀಯ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ನಿರ್ದೇಶಕರಿಗೆ, ನಮಸ್ಕಾರ.

ಆಸ್ಪತ್ರೆ ಹೆಸರು ಇಲ್ಲಿ ಹಾಕಿಲ್ಲ. ಹೆದರಿಕೆಗಲ್ಲ, ಇದೇ ಪತ್ರಾನ ಅಮ್ಮನ ಯುಎಚ್‌ಐಡಿ ನಂಬರ್ (ನೀವು ಪೇಷೆಂಟಿಗೆ ಕೊಡೋ ಗುರುತಿನ ನಂಬರ್), ಬಿಲ್ ನಂಬರ್ ಎಲ್ಲ ಸೇರಿಸಿ ಸ್ಪೀಡ್ ಪೋಸ್ಟಲ್ಲಿ ನಿಮ್ಮ ಆಫೀಸಿಗೆ ಕಳ್ಸಿದೀನಿ, ಒಂದು ಕಾಪಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಹೋಗಿದೆ. ಓದಿದ ತಕ್ಷಣ ಇದು ನಿಮಗೇ ಬರೆದಿದ್ದು ಅಂತ ನಿಮಗೆ ಗೊತ್ತಾಗತ್ತೆ. ಇಲ್ಲಿ ಎಲ್ಲರ ಮುಂದೆ ಯಾಕೆ ಹಾಕ್ತಿದೀನಿ ಅಂದ್ರೆ, ಅಮ್ಮನ್ನ ಡಾಕ್ಟ್ರು ನೋಡದೇ ಇದ್ರೂ ಹಾಕಿರೋ ಬಿಲ್ ಬಗ್ಗೆ ನಿಮ್ಮ ಬಿಲ್ಲಿಂಗ್ ಡಿಪಾರ್ಟ್‌ಮೆಂಟಿಗೆ ಎರಡು ಸಲ ಮೇಲ್ ಮಾಡಿದ್ದೆ, ಎರಡಕ್ಕೂ ಅಕ್ಷರ ವ್ಯತ್ಯಾಸ ಇಲ್ಲದೆ ಒಂದೇ ಉತ್ತರ ಬಂತು, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಅಂತ, ಅದರ ಕೆಳಗೆ ನಮಗೆ ಐದು ಸ್ಟಾರ್ ಕೊಡಿ ಅಂತ ಒಂದು ಲಿಂಕು. ಅಷ್ಟೊತ್ತಿಗೆ ಬಾಕಿ ಕೇಳೋಕೆ ಫೋನ್ ಮಾತ್ರ ಆರು ಸಲ ಬಂದಿತ್ತು.

ನಾನು ಮೈಸೂರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಕೊಂಡಿರೋನು. ಪೈಪು, ಎಲ್ಬೋ, ಮೊಳೆ, ಪೇಂಟು. ಇಪ್ಪತ್ತೆರಡು ವರ್ಷದಿಂದ ದಿನಾ ಬಿಲ್ ಬರೆಯೋದೇ ಕೆಲಸ, ಅದಕ್ಕೇ ಬಿಲ್ ನೋಡಿದ್ರೆ ಮೊದಲು ಕಣ್ಣು ಹೋಗೋದು ಕೆಳಗಿನ ಟೋಟಲ್‌ಗಲ್ಲ, ಮೇಲಿನ ಸಾಲುಗಳಿಗೆ. ನಿಮ್ಮ ಬಿಲ್ಲಲ್ಲಿ ಆರು ಸಾಲಿದೆ. ಅದರಲ್ಲಿ ಮೂರು ಸರಿ ಇದೆ, ಒಂದು ಅರ್ಥ ಆಗ್ತಿಲ್ಲ, ಎರಡು ನಡೆದೇ ಇಲ್ಲ. ಅದನ್ನ ಆಮೇಲೆ ಹೇಳ್ತೀನಿ, ಮೊದಲು ಅವತ್ತು ಏನಾಯ್ತು ಕೇಳಿ.

ಗೌರಿ ಹಬ್ಬದ ಹಿಂದಿನ ರಾತ್ರಿ. ಅಮ್ಮನಿಗೆ 68 ವರ್ಷ, ಶುಗರ್ ಇದೆ, ಹನ್ನೊಂದು ವರ್ಷದಿಂದ ಮಾತ್ರೆ ತಗೋತಾರೆ. ಮನೇಲಿ ಮಿಕ್ಸಿ ಇದೆ, ಒಳ್ಳೆ ಚಾಕು ಇದೆ, ಆದ್ರೂ ಹಬ್ಬದ ಅಡಿಗೆ ಅಂದ್ರೆ ಅವರಿಗೆ ಈಳಿಗೆಮಣೆನೇ ಆಗ್ಬೇಕು. ಸಿಹಿಗುಂಬಳ ಹೆಚ್ತಾ ಕೂತಿದ್ರು, ತೊಗಟೆ ಗಟ್ಟಿ ಇತ್ತೋ ಏನೋ ಕೈ ಜಾರಿ ಬಲಗೈ ಹೆಬ್ಬೆರಳ ಬುಡದಿಂದ ಅಂಗೈವರೆಗೂ ಸೀಳ್ಕೊಂಡುಬಿಡ್ತು. ಟೈಮ್ ಎಂಟೂಕಾಲು ಇರಬೇಕು. ನನ್ನ ಹೆಂಡ್ತಿ ಅರಿಶಿನ ಒತ್ತಿ ಹಳೇ ಪಂಚೆ ಹರಿದು ಸುತ್ತಿದ್ಲು, ಅರಿಶಿನ ಹಾಕ್ಬಾರದಿತ್ತು ಅಂತ ಆಮೇಲೆ ಬೈಸ್ಕೊಂಡ್ವಿ ಬಿಡಿ. ಪಂಚೆ ಎರಡು ನಿಮಿಷಕ್ಕೆ ಕೆಂಪಾಯ್ತು. ನಮ್ಮ ಬೀದಿ ಡಾಕ್ಟ್ರು ಹಬ್ಬಕ್ಕೆ ಊರಿಗೆ ಹೋಗಿದ್ರು. ನಿಮ್ಮ ಆಸ್ಪತ್ರೆ ಮನೆಗೆ ಹತ್ರ, ದೊಡ್ಡ ಬೋರ್ಡಲ್ಲಿ 24 ಗಂಟೆ ಎಮರ್ಜೆನ್ಸಿ ಅಂತ ಕೆಂಪು ಲೈಟಲ್ಲಿ ಉರೀತಾ ಇರತ್ತೆ, ಸೀದಾ ಅಲ್ಲಿಗೇ ಬಂದ್ವಿ.

ಎಂಟೂಮುಕ್ಕಾಲಿಗೆ ಬಾಗಿಲ ಹತ್ರ ಇದ್ವಿ. ಸೆಕ್ಯೂರಿಟಿಯವರು ಕೈ ನೋಡಿ ಪಾಪ ವೀಲ್‌ಚೇರ್ ತಂದ್ರು, ಅಮ್ಮ ಕಾಲಿಗೇನಾಗಿದೆ ನಂಗೆ ಅಂತ ಕೂರ್ಲಿಲ್ಲ. ಒಳಗೆ ಹೋಗ್ತಿದ್ದಂಗೆ ಮೊದಲು ಬಿಲ್ಲಿಂಗ್ ಮಾಡ್ಸಿ ಅಂದ್ರು. ಆಧಾರ್ ಕೊಟ್ಟೆ, ಫೋನ್ ನಂಬರ್ ಕೊಟ್ಟೆ, ಅಡ್ವಾನ್ಸ್ ಅಂತ 1000 ರೂಪಾಯಿ ಫೋನಿಂದಾನೇ ಸ್ಕ್ಯಾನ್ ಮಾಡಿ ಕಟ್ದೆ, ಅದರ ಮೆಸೇಜ್ 8:52ಕ್ಕೆ ಬಂದಿದೆ. ಒಂಬತ್ತು ದಾಟಿದ ಮೇಲೆ ಒಬ್ರು ಸಿಸ್ಟರ್ ಒಳಗೆ ಕರ್ಕೊಂಡ್ರು. ಅವರ ಬಗ್ಗೆ ಒಂದು ಮಾತೂ ತಪ್ಪಿಲ್ಲ. ಬಿ.ಪಿ. ನೋಡಿದ್ರು, ಬೆರಳಿಗೆ ಚುಚ್ಚಿ ಶುಗರ್ ನೋಡಿದ್ರು, ಪಂಚೆ ಬಿಚ್ಚಿ ಸಲೈನಲ್ಲಿ ತೊಳೆದು ಗಾಜ್ ಬಟ್ಟೆ ಇಟ್ಟು ಬ್ಯಾಂಡೇಜ್ ಬಿಗಿಯಾಗಿ ಸುತ್ತಿದ್ರು, ಇದಕ್ಕೆ ಹೊಲಿಗೆ ಬೇಕಾಗತ್ತೆ ಅಜ್ಜಿ, ಡಾಕ್ಟ್ರು ಬಂದು ನೋಡ್ತಾರೆ, ಕೈ ಮೇಲೆತ್ತಿ ಹಿಡ್ಕೊಂಡು ಹೊರಗೆ ಕೂತಿರಿ ಅಂದ್ರು. ಕೈಗೊಂದು ಪಟ್ಟಿ ಹಾಕಿ ಅದರ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸಿದ್ರು.

ಹಸಿರು ಅಂದ್ರೆ ಕಾಯಬಹುದಾದ ಕೇಸು ಅಂತ ನಂಗೆ ಗೊತ್ತು. ಪ್ರಾಣಕ್ಕೆ ಕುತ್ತು ಇರೋರನ್ನ ಮೊದಲು ನೋಡ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂಬತ್ತೂವರೆಗೆ ಬೈಕ್ ಆಕ್ಸಿಡೆಂಟ್ ಆದ ಇಬ್ರು ಹುಡುಗ್ರನ್ನ ತಂದ್ರು, ಒಬ್ಬನ ಮುಖ ನೋಡೋಕಾಗ್ತಿರ್ಲಿಲ್ಲ. ಅಮ್ಮನೇ ಅಂದ್ರು, ಪಾಪ ಯಾರ ಮಕ್ಳೋ, ಅವರನ್ನ ನೋಡ್ಲಿ ಬಿಡು ನಂದೇನು ಅರ್ಜೆಂಟು ಅಂತ. ಹಾಗಾಗಿ ಕಾಯಿಸಿದ್ರು ಅಂತ ನಾನು ಈ ಪತ್ರ ಬರೀತಿಲ್ಲ, ದಯವಿಟ್ಟು ಇದನ್ನ ಮನಸ್ಸಲ್ಲಿ ಇಟ್ಕೊಂಡು ಮುಂದೆ ಓದಿ.

ಹತ್ತಕ್ಕೆ ಹತ್ತು ನಿಮಿಷ ಇರೋವಾಗ ಕೇಳ್ದೆ, ಡಾಕ್ಟ್ರು ಒಳಗಿದಾರೆ ಅಂದ್ರು. ಹತ್ತೂವರೆಗೆ ಗಾಜ್ ಪೂರ್ತಿ ನೆಂದು ಮೊಣಕೈಗೆ ಇಳೀತಿತ್ತು, ಅದೇ ಸಿಸ್ಟರ್ ಬಂದು ಮೇಲೊಂದು ಗಾಜ್ ಇಟ್ಟು ಇನ್ನೊಂದು ಸುತ್ತು ಸುತ್ತಿದ್ರು. ಹನ್ನೊಂದೂಕಾಲಿಗೆ ಮತ್ತೆ ಕೇಳ್ದೆ, ಡ್ಯೂಟಿ ಡಾಕ್ಟ್ರು ಆಕ್ಸಿಡೆಂಟ್ ಕೇಸ್ ಜೊತೆ ಐಸಿಯುಗೆ ಹೋಗಿದಾರೆ, ಸರ್ಜರಿಯವರು ಆನ್ ಕಾಲ್ ಇದಾರೆ, ಹೊರಟಿದಾರೆ, ಬರ್ತಿದಾರೆ ಅಂದ್ರು. ಎಲ್ಲಿಂದ ಹೊರಟಿದ್ರೋ. ಅಷ್ಟೊತ್ತಿಗೆ ಅಮ್ಮ ಊಟ ಮಾಡಿ ಎಂಟು ಗಂಟೆ ಮೇಲಾಗಿತ್ತು, ಶುಗರ್ ಇರೋರು, ಕೈ ನಡುಗೋಕೆ ಶುರುವಾಯ್ತು. ನಿಮ್ಮ ಕ್ಯಾಂಟೀನ್ ಮುಚ್ಚಿತ್ತು. ನನ್ನ ಸ್ಕೂಟರ್ ಡಿಕ್ಕೀಲಿ ಹಬ್ಬಕ್ಕೆ ಅಂತ ತಂದಿದ್ದ ಬಾಳೆಹಣ್ಣಿತ್ತು, ಗೌರಮ್ಮನಿಗೆ ಇಡಬೇಕಿದ್ದ ಚಿಪ್ಪಿಂದ ಎರಡು ಹಣ್ಣು ಮುರಿದು ಕೊಟ್ಟೆ. ದೇವರಿಗೆ ಇಟ್ಟಿದ್ದು ಅಂತ ತಿನ್ನೋಕೆ ಒಪ್ಪಲ್ಲ, ಗೌರಮ್ಮ ಏನೂ ಅಂದ್ಕೊಳಲ್ಲ ತಿನ್ನಮ್ಮಾ ಅಂತ ಪಕ್ಕದಲ್ಲಿ ಕೂತಿದ್ದ ಇನ್ಯಾರೋ ಹೆಂಗಸು ಬೈದು ತಿನ್ನಿಸಿದ್ರು.

ಹನ್ನೆರಡು ದಾಟಿ ಐದು ನಿಮಿಷಕ್ಕೆ ಎದ್ವಿ. ಕಳ್ಳರ ಹಾಗೆ ಎದ್ದು ಹೋಗ್ಲಿಲ್ಲ. ಕೌಂಟರಲ್ಲಿ ಇದ್ದ ಹುಡುಗನಿಗೆ ಹೇಳ್ದೆ, ಡಾಕ್ಟ್ರು ನೋಡ್ಲಿಲ್ಲ, ಬೇರೆ ಕಡೆ ಕರ್ಕೊಂಡು ಹೋಗ್ತಿದೀವಿ, ಡ್ರೆಸ್ಸಿಂಗಿಗೆ ಎಷ್ಟಾಯ್ತೋ ಹಿಡ್ಕೊಂಡು ಉಳಿದಿದ್ದು ವಾಪಸ್ ಕೊಡಪ್ಪಾ ಅಂತ. ರಾತ್ರಿ ರೀಫಂಡ್ ಆಗಲ್ಲ ಸಾರ್, ಬೆಳಿಗ್ಗೆ ಹತ್ತು ಗಂಟೆ ಮೇಲೆ ಬನ್ನಿ ಅಂದ. ಯಾವ ಪೇಪರ್‌ಗೂ ಸೈನ್ ಹಾಕಿಸ್ಕೊಳ್ಲಿಲ್ಲ. ಹೋಗ್ಬೇಡಿ ಅಂತಾನೂ ಯಾರೂ ಅನ್ಲಿಲ್ಲ.

ಅಲ್ಲಿಂದ ದೊಡ್ಡಾಸ್ಪತ್ರೆಗೆ ಹೋದ್ವಿ, ಇರ್ವಿನ್ ರಸ್ತೆ ಕೆ.ಆರ್. ಆಸ್ಪತ್ರೆಗೆ. ಮೊದಲೇ ಅಲ್ಲಿಗೆ ಯಾಕೆ ಹೋಗ್ಲಿಲ್ಲ ಅಂತ ಕೇಳಿದ್ರೆ ನಿಜ ಹೇಳ್ತೀನಿ, ಅಲ್ಲಿ ರಶ್ಶು, ಕಾಯಿಸ್ತಾರೆ, ಅಮ್ಮನಿಗೆ ಕಷ್ಟ ಆಗತ್ತೆ ಅಂತ. ನಗಬೇಡಿ. ಅಲ್ಲೂ ರಶ್ಶಿತ್ತು, ಕೂರೋಕೆ ಜಾಗ ಇರ್ಲಿಲ್ಲ, ಗೋಡೆಗೆ ಒರಗಿ ನಿಂತ್ವಿ, ಫಿನಾಯಿಲ್ ವಾಸನೆಗೆ ತಲೆ ತಿರುಗ್ತಿತ್ತು. ಆದ್ರೆ ಅರ್ಧ ಗಂಟೇಲಿ ಒಂದು ಹುಡುಗಿ ಬಂದ್ಲು, ಹೌಸ್ ಸರ್ಜನ್ ಇರಬೇಕು, ರಾಯಚೂರು ಕಡೆ ಮಾತು. ಅಮ್ಮಾರ, ಇಷ್ಟೊತ್ತನ ಯಾಕ ಬಿಟ್ರಿ ಇದನ್ನ, ನೋವಾದ್ರ ಹೇಳ್ರಿ ಅಂತ ಮಾತಾಡ್ತಾ ಮಾತಾಡ್ತಾ ಏಳು ಹೊಲಿಗೆ ಹಾಕಿ, ಟಿ.ಟಿ. ಇಂಜೆಕ್ಷನ್ ಕೊಟ್ಟು, ಬೆರಳು ಒಂದೊಂದೇ ಮಡಚಿಸಿ ನೋಡಿ ನರಕ್ಕೇನೂ ಆಗಿಲ್ಲ ಅಂದ್ಲು. ಚೀಟಿ ಬರೆಯೋವಾಗ ಅವಳ ಕಣ್ಣು ಮುಚ್ಚಿ ಮುಚ್ಚಿ ಹೋಗ್ತಿತ್ತು, ಎಷ್ಟು ಗಂಟೆಯಿಂದ ಡ್ಯೂಟೀಲಿದ್ಲೋ. ಆ ಚೀಟಿ ನನ್ನ ಹತ್ರ ಇದೆ, ಅದರ ಮೇಲೆ ತಾರೀಖು, ಟೈಮು, ಏಳು ಹೊಲಿಗೆ ಅಂತ ಎಲ್ಲ ಇದೆ. ಹೊಲಿಗೆ ಬಿಚ್ಚಾಯ್ತು, ಗಾಯ ಕೂಡ್ಕೊಂಡಿದೆ, ಹೆಬ್ಬೆರಳು ಬೆಳಿಗ್ಗೆ ಹೊತ್ತು ಸ್ವಲ್ಪ ಬಿಗಿ ಅಂತಾರೆ ಅಷ್ಟೆ.

ಇಷ್ಟಕ್ಕೇ ಮುಗಿದಿದ್ರೆ ನಾನು ಆ ಸಾವಿರ ರೂಪಾಯಿ ಮರ್ತುಬಿಡ್ತಿದ್ದೆ. ಹಬ್ಬದ ಗಲಾಟೇಲಿ ಬೆಳಿಗ್ಗೆ ಹತ್ತು ಗಂಟೆ ಮೇಲೆ ಬಂದು ಕೇಳೋಕೆ ಯಾರಿಗೆ ಪುರುಸೊತ್ತಿತ್ತು. ನಾಲ್ಕನೇ ದಿನ ನಿಮ್ಮಿಂದಾನೇ ವಾಟ್ಸಾಪಲ್ಲಿ ಬಿಲ್ ಬಂತು. ಒಟ್ಟು 2840 ರೂಪಾಯಿ, ಅಡ್ವಾನ್ಸ್ 1000 ಕಳೆದು ಬಾಕಿ 1840. ರಿಜಿಸ್ಟ್ರೇಷನ್ 300, ನರ್ಸಿಂಗ್ ಚಾರ್ಜ್ 400, ಶುಗರ್ ಟೆಸ್ಟ್ 180, ಕನ್ಸ್ಯೂಮಬಲ್ಸ್ ಅಂದ್ರೆ ಬಳಸಿ ಬಿಸಾಡೋ ಸಾಮಾನಿಗೆ 310, ಎಮರ್ಜೆನ್ಸಿ ಬೆಡ್ ಚಾರ್ಜ್ 750, ಎಮರ್ಜೆನ್ಸಿ ಡಾಕ್ಟರ್ ಕನ್ಸಲ್ಟೇಷನ್ 900.

ಅಮ್ಮ ಯಾವ ಬೆಡ್ಡಿನ ಮೇಲೂ ಮಲಗಿಲ್ಲ, ಕೂತಿಲ್ಲ. ಡ್ರೆಸ್ಸಿಂಗ್ ಮಾಡಿದ್ದು ಸ್ಟೂಲ್ ಮೇಲೆ ಕೂರಿಸಿ, ಕಾದಿದ್ದು ಹೊರಗಡೆ ಸಾಲಾಗಿ ಹಾಕಿರೋ ತೂತು ತೂತು ಸ್ಟೀಲ್ ಕುರ್ಚೀಲಿ. ಆ ಕುರ್ಚಿ ನನ್ನ ಅಂಗಡಿ ಪಕ್ಕದವನೇ ಮಾರ್ತಾನೆ, ಮೂರು ಸೀಟಿಂದು ಎಷ್ಟಕ್ಕೆ ಬರತ್ತೆ ಅಂತ ನಂಗೊತ್ತು. ಇನ್ನು ಕನ್ಸಲ್ಟೇಷನ್. ಡಾಕ್ಟ್ರ ಹೆಸರೂ ಇದೆ ಬಿಲ್ಲಲ್ಲಿ. ಆ ಪುಣ್ಯಾತ್ಮರು ದಪ್ಪಗಿದಾರೋ ತೆಳ್ಳಗಿದಾರೋ ನಮಗೆ ಗೊತ್ತಿಲ್ಲ.

ಫೋನ್ ಮಾಡಿದ ಹುಡುಗಿಗೆ ಇದನ್ನೇ ಹೇಳ್ದೆ. ಸಿಸ್ಟಮಲ್ಲಿ ಕನ್ಸಲ್ಟೇಷನ್ ಕಂಪ್ಲೀಟೆಡ್ ಅಂತ ತೋರಿಸ್ತಿದೆ ಸರ್ ಅಂದ್ಲು. ಅವಳದೇನು ತಪ್ಪು, ಸಿಸ್ಟಮಲ್ಲಿ ಇರೋದು ಓದ್ತಾಳೆ. ಅದಕ್ಕೆ ಒಂಬತ್ತನೇ ದಿನ ಅಂಗಡಿ ಹುಡುಗನಿಗೆ ಬಿಟ್ಟು ನಾನೇ ಬಿಲ್ಲಿಂಗಿಗೆ ಬಂದೆ. ಮುಕ್ಕಾಲು ಗಂಟೆ ಕಾದ ಮೇಲೆ, ಕಾಯೋದು ನಿಮ್ಮಲ್ಲಿ ಅಭ್ಯಾಸ ಆಗಿದೆ ಈಗ, ಒಬ್ರು ಸೂಪರ್‌ವೈಸರ್ ಬಂದು ಫೈಲ್ ತರಿಸಿ ಮುಂದೆ ಇಟ್ರು. ಕೇಸ್ ಶೀಟಲ್ಲಿ ನಾಲ್ಕು ಸಾಲು ಇಂಗ್ಲಿಷಲ್ಲಿ ಇತ್ತು, ನಾನು ಡಿಗ್ರಿ ಮಾಡಿರೋನು ಓದೋಕೆ ಬರತ್ತೆ. ರಾತ್ರಿ 10:05ಕ್ಕೆ ಪೇಷೆಂಟನ್ನ ನೋಡಲಾಯ್ತು, ಹೊಲಿಗೆ ಹಾಕಿಸ್ಕೊಳ್ಳೋಕೆ ಸಲಹೆ ಕೊಡಲಾಯ್ತು, ಪೇಷೆಂಟ್ ಮತ್ತು ಜೊತೆಗಿದ್ದವರು ಒಪ್ಪಲಿಲ್ಲ, ವೈದ್ಯರ ಸಲಹೆ ಮೀರಿ ಹೋದರು. ಕೊನೇಲಿ ನಿಮ್ಮಲ್ಲಿ ಎಲ್ಲರೂ ಬಳಸೋ ಆ ಪದ, ಲಾಮಾ, ಅಂದ್ರೆ ಲೆಫ್ಟ್ ಎಗೇನ್ಸ್ಟ್ ಮೆಡಿಕಲ್ ಅಡ್ವೈಸ್.

ಸರ್, ನಿಜವಾಗಿ ನಂಗೆ ಕಾಲು ತಣ್ಣಗಾಯ್ತು. ದುಡ್ಡಿನ ವಿಷಯ ಅಲ್ಲಿಗೆ ಮುಗೀತು. ಮೂರು ಗಂಟೆ ಕೈ ಎತ್ತಿ ಹಿಡ್ಕೊಂಡು ಹೊಲಿಗೆ ಹಾಕಿ ಅಂತ ಕಾದಿರೋ ಹೆಂಗಸು ಹೊಲಿಗೆ ಬೇಡ ಅಂದ್ಲು ಅಂತ ನಿಮ್ಮ ಕಾಗದದಲ್ಲಿ ಬರೆದಿದೆ. ನಾಳೆ ಆ ಕೈಗೆ ಕೀವಾಗಿದ್ರೆ? ಶುಗರ್ ಇರೋ ಕೈ. ಆಗ ಯಾರು ಕೇಳಿದ್ರೂ ನೀವು ಈ ಶೀಟ್ ತೆಗೆದು ತೋರಿಸ್ತಿದ್ರಿ, ನೋಡಿ ನಾವು ಹೇಳಿದ್ವಿ ಅವರೇ ಒಪ್ಪಲಿಲ್ಲ ಅಂತ, ನಾನು ಡಾಕ್ಟ್ರ ಮಾತು ಕೇಳದ ಬೇಜವಾಬ್ದಾರಿ ಮಗ ಆಗ್ತಿದ್ದೆ. ಮನೆಗೆ ಬಂದು ಅಮ್ಮನಿಗೆ ಹೇಳ್ಬಾರದಿತ್ತು, ಹೇಳ್ಬಿಟ್ಟೆ. ಅವರು ಸುಮಾರು ಹೊತ್ತು ಸುಮ್ನೆ ಇದ್ದು, ನಾನ್ಯಾವಾಗ ಬೇಡ ಅಂದೆ ಕಣೋ ಅಂದ್ರು. ಏನೋ ತಮ್ಮದೇ ತಪ್ಪು ಅನ್ನೋ ಹಾಗೆ ಕೇಳಿದ್ರು ಅದನ್ನ. ಆವತ್ತು ರಾತ್ರಿ ಎರಡು ಸಲ ಕೇಳಿದ್ರು.

10:05ಕ್ಕೆ ಅಮ್ಮ ಎಲ್ಲಿದ್ರು ಅಂತ ನಾನು ಹೇಳ್ತೀನಿ. ಹುಬ್ಬಳ್ಳೀಲಿರೋ ನಮ್ಮಕ್ಕ ಗಾಬರಿಯಾಗಿ ವಿಡಿಯೋ ಕಾಲ್ ಮಾಡಿದ್ಲು, 10:01ಕ್ಕೆ ಶುರುವಾಗಿ ಒಂಬತ್ತು ನಿಮಿಷ ಮಾತಾಡಿದಾರೆ, ಕಾಲ್ ಲಿಸ್ಟಲ್ಲಿ ಇದೆ. ಬ್ಯಾಂಡೇಜ್ ಹೆಂಗೆ ಕಟ್ಟಿದಾರೆ ತೋರ್ಸು ಅಂತ ಕೇಳಿ ಅಕ್ಕ ಸ್ಕ್ರೀನ್‌ಶಾಟ್ ತೆಗೆದಿದಾಳೆ, ಅವಳ ಫೋನಿನ ಮೂಲೇಲಿ 10:06 ಅಂತ ಇದೆ. ಅಮ್ಮ ಸ್ಟೀಲ್ ಕುರ್ಚೀಲಿ ಕೈ ಎತ್ಕೊಂಡು ಕೂತಿದಾರೆ, ಹಿಂದೆ ನಿಮ್ಮ ಟಿವಿ ಓಡ್ತಿದೆ. ಅದೊಂದೇ ಸಾಕ್ಷಿ ಸಾಲಲ್ಲ ಅಂತ ನೀವು ಅನ್ನಬಹುದು. ಸರಿ, ಕುರ್ಚಿ ಸಾಲಿನ ಮೇಲೆ ನಿಮ್ಮದೇ ಎರಡು ಸಿಸಿ ಕ್ಯಾಮೆರಾ ಇದೆ. ಒಂಬತ್ತರಿಂದ ಹನ್ನೆರಡೂಕಾಲುವರೆಗೆ ಓಡ್ಸಿ ನೋಡಿ. ನನ್ನ ಅಂಗಡೀದು ಇಷ್ಟು ದಿನ ಆದ್ಮೇಲೆ ತಾನಾಗೇ ಅಳಿಸಿ ಹೋಗತ್ತೆ, ನಿಮ್ಮದೂ ಹಾಗೇ ಇರಬಹುದು, ಅದಕ್ಕೇ ಮೊದಲ ಮೇಲಲ್ಲೇ ಅದನ್ನ ಅಳಿಸದೆ ತೆಗೆದಿಡಿ ಅಂತ ಕೇಳಿದ್ದೆ. ಅದು ಹನ್ನೊಂದನೇ ದಿನ.

ಆ ಡಾಕ್ಟ್ರು ಬೇಕಂತ ಸುಳ್ಳು ಬರೆದ್ರು ಅಂತ ನಾನು ಹೇಳ್ತಿಲ್ಲ. ಒಬ್ಬರೇ ಡ್ಯೂಟಿ ಡಾಕ್ಟ್ರು, ಎರಡು ಆಕ್ಸಿಡೆಂಟ್ ಕೇಸು, ಹೊರಗೆ ಹತ್ತು ಜನ. ಬೆಳಗಿನ ಜಾವ ಡ್ಯೂಟಿ ಬಿಡೋ ಮುಂಚೆ ಉಳಿದಿರೋ ಫೈಲೆಲ್ಲ ಮುಗ್ಸಿ ಅಂತ ಯಾರೋ ಮುಂದೆ ಇಟ್ಟಿರ್ತಾರೆ, ಪೇಷೆಂಟ್ ಇಲ್ಲ, ಏನು ಬರೆಯೋದು, ಬರೆಯೋಕೆ ಇರೋದು ಒಂದೇ ಪದ. ಡಾಕ್ಟ್ರು ನೋಡೋಕೆ ಮುಂಚೆನೇ ಪೇಷೆಂಟ್ ಹೋದ್ರು ಅಂತ ಒತ್ತೋಕೆ ನಿಮ್ಮ ಸಾಫ್ಟ್‌ವೇರಲ್ಲಿ ಬಟನ್ನೇ ಇಲ್ವೇನೋ, ಕನ್ಸಲ್ಟೇಷನ್ ಹಾಕದೆ ಫೈಲ್ ಕ್ಲೋಸ್ ಆಗಲ್ವೇನೋ. ಇದು ನನ್ನ ಊಹೆ. ಊಹೆ ತಪ್ಪಾದ್ರೆ ತಿದ್ದಿ, ಆದ್ರೆ ಸರಿಯಾಗಿದ್ರೆ ಇದು ನಮ್ಮಮ್ಮ ಒಬ್ರದ್ದೇ ಆಗಿರಲ್ಲ, ಅವತ್ತು ನಮ್ಮ ಮುಂದೇನೇ ಇನ್ನೂ ಮೂರು ಮನೆಯವರು ಬೇಸತ್ತು ಎದ್ದು ಹೋದ್ರು, ಅವರ ಫೈಲಲ್ಲಿ ಏನು ಬರೆದಿದೆ?

ನಿಮ್ಮ ಸೂಪರ್‌ವೈಸರ್ ಒಂದು ಮಾತು ಹೇಳಿದ್ರು, ಅದಕ್ಕೆ ಉತ್ತರ ಕೊಡ್ಬೇಕು. ಎಮರ್ಜೆನ್ಸಿ ಬಾಗಿಲು ರಾತ್ರಿಯೆಲ್ಲ ತೆಗೆದಿಡೋಕೆ ಖರ್ಚಾಗತ್ತೆ ಸಾರ್, ನೀವು ಎದ್ದು ಹೋದ್ರೂ ಸ್ಟಾಫ್ ಸಂಬಳ ನಿಲ್ಲಲ್ಲ ಅಂತ. ನಿಜ. ನನ್ನ ಅಂಗಡೀಲೂ ಕರೆಂಟ್ ಬಿಲ್ ಬರತ್ತೆ, ಹುಡುಗನಿಗೆ ಸಂಬಳ ಇದೆ, ಬಾಡಿಗೆ ಇದೆ. ಆದ್ರೆ ಗಿರಾಕಿ ಬಂದು ಮುಕ್ಕಾಲಿಂಚಿನ ಎಲ್ಬೋ ಕೇಳಿ, ನಾನು ಗೋಡೌನಿಂದ ತರಿಸ್ತೀನಿ ಕೂತ್ಕೊಳಿ ಅಂತ ಕೂರ್ಸಿ, ಅದು ಬರದೆ ಅವನು ಎದ್ದು ಹೋದ್ರೆ, ಮಾರನೇ ದಿನ ಅವನ ಮನೆಗೆ ಎಲ್ಬೋ ಬಿಲ್ ಕಳ್ಸಲ್ಲ, ಅದರ ಜೊತೆ ಸ್ಟೂಲ್ ಬಾಡಿಗೇನೂ ಹಾಕಲ್ಲ. ನಾನೇನು ಸತ್ಯಹರಿಶ್ಚಂದ್ರ ಅಲ್ಲ, ಚಿಲ್ಲರೆ ಇಲ್ಲ ಅಂತ ಎರಡು ರೂಪಾಯಿ ಮೇಲಕ್ಕೆ ರೌಂಡ್ ಮಾಡಿರೋನೇ. ಕೊಡದೇ ಇರೋ ಸಾಮಾನು ಮಾತ್ರ ಬರೆದಿಲ್ಲ. ಬಾಗಿಲು ತೆಗೆದಿಡೋಕೆ ಅಂತ ಒಂದು ಚಾರ್ಜ್ ನಿಮಗೆ ಬೇಕಿದ್ರೆ ಅದನ್ನ ಅದೇ ಹೆಸರಲ್ಲಿ ಬೋರ್ಡಲ್ಲಿ ಹಾಕಿ, ಜನ ಓದಿ ಒಳಗೆ ಬರ್ತಾರೆ ಇಲ್ಲ ಬಿಡ್ತಾರೆ. ಡಾಕ್ಟ್ರ ಹೆಸರಲ್ಲಿ ಯಾಕೆ ವಸೂಲಿ?

ಬೋರ್ಡ್ ಅಂದೆನಲ್ಲ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಅಂತ 2007ರಿಂದ ಒಂದು ಕಾಯ್ದೆ ಇದೆ, ಎಲ್ಲರೂ ಕೆಪಿಎಂಇ ಅಂತಾರೆ. ಯಾವ ಸೇವೆಗೆ ಎಷ್ಟು ಅಂತ ಜನಕ್ಕೆ ಗೊತ್ತಾಗೋ ಹಾಗೆ ದರಪಟ್ಟಿ ಇಟ್ಟಿರ್ಬೇಕು ಅಂತ ಅದರಲ್ಲಿದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತರೋವಾಗ ನವೆಂಬರಲ್ಲಿ ರಾಜ್ಯದ ಖಾಸಗಿ ಡಾಕ್ಟ್ರೆಲ್ಲ ಮುಷ್ಕರ ಹೂಡಿ ಓಪಿಡಿ ಬಂದ್ ಮಾಡಿದ್ದು, ಬೆಳಗಾವಿ ಅಧಿವೇಶನದಲ್ಲಿ ಜಗಳ ಆಗಿದ್ದು ನಿಮಗೆ ನೆನಪಿರತ್ತೆ. ಮೂಲ ಮಸೂದೆ ಸುಮಾರು ಮೆತ್ತಗಾಗಿ ಪಾಸಾಯ್ತು. ಮೆತ್ತಗಾದ್ರೂ ರೋಗಿಗಳ ಹಕ್ಕಿನ ಸನ್ನದು ಉಳೀತು, ದೂರು ಕೇಳೋಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೇಲಿ ಜಿಲ್ಲೆಗೊಂದು ಪ್ರಾಧಿಕಾರ ಬಂತು. ನಿಮ್ಮ ರಿಸೆಪ್ಷನಲ್ಲಿ ನೋಂದಣಿ ನಂಬರಿನ ಬೋರ್ಡಿದೆ, ಚೆನ್ನಾಗೇ ಹಾಕಿದೀರಿ. ದರಪಟ್ಟಿ ಎಲ್ಲಿ ಅಂತ ಕೇಳಿದ್ರೆ ಕಂಪ್ಯೂಟರಲ್ಲಿದೆ ಅಂದ್ರು. ಕಂಪ್ಯೂಟರ್ ಪರದೆ ಅವರ ಕಡೆ ತಿರುಗಿತ್ತು.

ಕೇಸ್ ಶೀಟ್ ಕಾಪಿ ಕೇಳ್ದೆ. ಒಳಗಿನ ದಾಖಲೆ ಕೊಡೋಕಾಗಲ್ಲ, ಫೋಟೋನೂ ತೆಗೀಬೇಡಿ ಅಂದ್ರು. ಡಾಕ್ಟ್ರಿಗೆ ಅಂತ ಮೆಡಿಕಲ್ ಕೌನ್ಸಿಲ್ 2002ರಲ್ಲಿ ಮಾಡಿದ ನಡತೆ ನಿಯಮ ಇದೆಯಲ್ಲ, ಅದರಲ್ಲಿ ರೋಗಿ ಅಥವಾ ರೋಗಿ ಪರವಾಗಿ ಒಪ್ಪಿಗೆ ಇರೋರು ದಾಖಲೆ ಕೇಳಿದ್ರೆ 72 ಗಂಟೆ ಒಳಗೆ ಕೊಡ್ಬೇಕು ಅಂತಿದೆ. ನಮ್ಮ ಅಂಗಡಿಗೆ ಬರೋ ಒಬ್ರು ವಕೀಲರು ಹೇಳಿದ್ದು, ಆಮೇಲೆ ನಾನೇ ತೆಗೆದು ಓದಿದೆ. ಅಮ್ಮನ ಸಹಿ ಹಾಕಿಸಿ, ಈಗ ಬಲಗೈ ಹೆಬ್ಬೆರಳು ಹಿಡಿತ ಕಮ್ಮಿ ಇರೋದ್ರಿಂದ ಸಹಿ ಸ್ವಲ್ಪ ಓರೆಯಾಗಿದೆ, ಅರ್ಜಿ ಈ ಪತ್ರದ ಜೊತೆ ಇಟ್ಟಿದೀನಿ. 72 ಗಂಟೆ ನಿಮಗೆ ಪೋಸ್ಟ್ ಸಿಕ್ಕ ಹೊತ್ತಿಂದ ಲೆಕ್ಕ ಹಾಕ್ತೀನಿ.

ಅದೇ ವಕೀಲರು ಗ್ರಾಹಕ ಆಯೋಗಕ್ಕೆ ಹೋಗಿ ಅಂತಾನೂ ಹೇಳಿದ್ರು. ದುಡ್ಡು ತಗೊಂಡು ಕೊಡೋ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿಗೆ ಬರತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, 2019ರ ಹೊಸ ಕಾಯ್ದೆ ಪ್ರಕಾರ ಎರಡು ವರ್ಷದ ಒಳಗೆ ದೂರು ಕೊಡಬಹುದು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಫೀಸ್ ಇಲ್ಲ, ವಕೀಲರನ್ನ ಇಟ್ಕೊಳ್ಳೋದೂ ಬೇಡ. ಅವರು ವಕೀಲರಾಗಿ ಇದನ್ನ ಹೇಳಿದ್ರಲ್ಲ, ಅದೇ ದೊಡ್ಡದು. ನಂಗೆ ಅಂಗಡಿ ಬಿಟ್ಟು ಅಲೆಯೋ ಆಸೆ ಇಲ್ಲ. ಅಮ್ಮನಿಗಂತೂ ಬೇಡವೇ ಬೇಡ. ಕೊಟ್ಬಿಡೋ, ಆಸ್ಪತ್ರೆ ಋಣ, ಪೊಲೀಸ್ ಋಣ ಇಟ್ಕೋಬಾರ್ದು ಅಂತಾರೆ. ಋಣ ಇದ್ರೆ ತಾನೇ ಅಮ್ಮಾ ತೀರ್ಸೋದು ಅಂತ ನಾನು.

ಹಾಗಾಗಿ ಲೆಕ್ಕ ಮಾಡೋಣ ಬನ್ನಿ. ರಿಜಿಸ್ಟ್ರೇಷನ್ 300 ಒಪ್ಕೋತೀನಿ. ನರ್ಸಿಂಗ್ 400, ಆ ಸಿಸ್ಟರ್ ಎರಡು ಸಲ ಕೈ ಮುಟ್ಟಿದಾರೆ, ಇನ್ನೂ ಜಾಸ್ತಿ ಹಾಕಿದ್ರೂ ಕೇಳ್ತಿರ್ಲಿಲ್ಲ. ಶುಗರ್ 180, ಹೊರಗೆ ಇದರ ಅರ್ಧಕ್ಕೆ ಮಾಡ್ತಾರೆ, ಇರ್ಲಿ. ಅಲ್ಲಿಗೆ 880. ಕನ್ಸ್ಯೂಮಬಲ್ಸ್ 310 ಅಂದ್ರೆ ಏನೇನು, ಎಷ್ಟೆಷ್ಟು ಗಾಜ್ ಬಟ್ಟೆ, ಎಷ್ಟು ಬ್ಯಾಂಡೇಜು, ಗ್ಲೌಸು ಒಂದು ಜೊತೇನೋ ಒಂದು ಡಬ್ಬಾನೋ ಅಂತ ಬಿಡಿಸಿ ಬರೆದು ಕೊಡಿ, ಸರಿ ಅನ್ನಿಸಿದ್ರೆ ಅದೂ ನಂದೇ. ಆಗ 1190. ನಾನು ಕಟ್ಟಿರೋದು 1000. ಅಂದ್ರೆ ಎಷ್ಟೇ ಜಗಳ ಆಡಿದ್ರೂ ನಾನೇ ನಿಮಗೆ 190 ರೂಪಾಯಿ ಕೊಡ್ಬೇಕಾಗತ್ತೆ. ಈ ಲೆಕ್ಕ ಹಾಕಿದ ದಿನ ನನ್ನ ಹೆಂಡ್ತಿ ಬಿದ್ದು ಬಿದ್ದು ನಕ್ಲು, ರೀಫಂಡ್ ಕೇಳೋಕೆ ಹೋಗಿ ಸಾಲಗಾರ ಆಗಿ ಬಂದ್ರಲ್ಲಾ ಅಂತ.

ಬೆಡ್ ಚಾರ್ಜ್ 750, ಕನ್ಸಲ್ಟೇಷನ್ 900, ಈ 1650 ರೂಪಾಯಿ ನಾನು ಕೊಡಲ್ಲ. ಡಿಸ್ಕೌಂಟ್ ಅಂತ ತೋರ್ಸಿ ಕಳೆದ್ರೂ ಒಪ್ಪಲ್ಲ. ನಿಮ್ಮ ಸೂಪರ್‌ವೈಸರ್ ಕೊನೇಲಿ ಅದನ್ನೇ ಹೇಳಿದ್ರು, ಸರಿ ಬಿಡಿ ಸಾರ್ ಮ್ಯಾನೇಜ್‌ಮೆಂಟ್ ಡಿಸ್ಕೌಂಟ್ ಅಂತ 50 ಪರ್ಸೆಂಟ್ ಮಾಡಿಸ್ಕೊಡ್ತೀನಿ ಅಂತ. ನೋಡಿದ್ದಕ್ಕೆ ಡಿಸ್ಕೌಂಟ್ ಕೊಡಬಹುದು. ನೋಡದೇ ಇರೋದಕ್ಕೆ ಅರ್ಧ ರೇಟು ಅಂದ್ರೆ ಡಾಕ್ಟ್ರು ಅರ್ಧ ನೋಡಿದ್ರು ಅಂತ ಆಗತ್ತೆ.

ಅದಕ್ಕೇ ನಾನು ನಿಮ್ಮ ಹತ್ರ ಕೇಳ್ತಿರೋದರಲ್ಲಿ ಬಿಲ್ ಎರಡನೇದು. ಮೊದಲನೇದು ಆ ಕೇಸ್ ಶೀಟ್. ಅದನ್ನ ಹರಿದು ಹಾಕಿ ಅಂತಿಲ್ಲ, ಹೊಡೆದು ಹಾಕಿ ಮೇಲೆ ಬರೀರಿ ಅಂತಾನೂ ಇಲ್ಲ. ಸಿಸಿ ಕ್ಯಾಮೆರಾ ನೋಡಿ, ಆ ರಾತ್ರಿ ಡ್ಯೂಟೀಲಿದ್ದ ಸಿಸ್ಟರನ್ನ ಕೇಳಿ, ಆಮೇಲೆ ಅದರ ಕೆಳಗೆ ತಾರೀಖು ಹಾಕಿ ನಿಮ್ಮ ಸಹಿಯಲ್ಲಿ ಒಂದು ತಿದ್ದುಪಡಿ ಬರೀರಿ. ಪೇಷೆಂಟನ್ನ ಡಾಕ್ಟ್ರು ನೋಡಿರಲಿಲ್ಲ, ಪೇಷೆಂಟ್ ಚಿಕಿತ್ಸೆ ನಿರಾಕರಿಸಿಲ್ಲ, ಮೂರು ಗಂಟೆ ಕಾದು ಹೇಳಿ ಹೋದ್ರು ಅಂತ. ಅದರ ಕಾಪಿ ಅಮ್ಮನಿಗೆ ಕೊಡಿ, ಕನ್ನಡದಲ್ಲಿದ್ರೆ ಅವರೇ ಓದ್ಕೋತಾರೆ. ಅದೇ ರಾತ್ರಿ ಎದ್ದು ಹೋದ ಉಳಿದವರ ಫೈಲೂ ಒಂದ್ಸಲ ತೆಗೆಸಿ ನೋಡಿ, ಅವರಿಗೆ ಯಾರಿಗಾದ್ರೂ ಇಂಥದ್ದೇ ಬಿಲ್ ಹೋಗಿದ್ರೆ ವಾಪಸ್ ತಗೊಳಿ, ಅವರು ಕೇಳಲಿ ಅಂತ ಕಾಯ್ಬೇಡಿ. ಮತ್ತೆ ದರಪಟ್ಟಿನ ಬಿಲ್ಲಿಂಗ್ ಕೌಂಟರ್ ಮುಂದೆ, ಕೂತಿರೋರ ಕಡೆ ಮುಖ ಮಾಡಿ ಹಾಕ್ಸಿ, ಡಾಕ್ಟ್ರು ನೋಡೋಕೆ ಮುಂಚೆ ಹೋದ್ರೆ ಏನು ಹಿಡೀತೀರಿ ಅನ್ನೋದೂ ಅದರಲ್ಲಿರಲಿ. ಬಾಕಿ ಕೇಳೋ ಫೋನ್ ನಿಲ್ಸಿ, ಅಂಗಡೀಲಿ ಗಿರಾಕಿ ಮುಂದೆ ಬರತ್ತೆ, ಸ್ಪೀಕರ್ ಬೇರೆ ಜೋರು ನನ್ನ ಫೋನಿಂದು, ಏನು ಸಾಲ ಮಾಡಿದಾನೋ ಅಂತ ನೋಡ್ತಾರೆ.

ಹದಿನೈದು ದಿನ ನೋಡ್ತೀನಿ. ಏನೂ ಬರದಿದ್ರೆ ಇದೇ ಕಾಗದ, ಸ್ಕ್ರೀನ್‌ಶಾಟು, ದೊಡ್ಡಾಸ್ಪತ್ರೆ ಚೀಟಿ ಜೊತೆ ಜಿಲ್ಲಾಧಿಕಾರಿಗಳ ಪ್ರಾಧಿಕಾರಕ್ಕೆ ಕೊಡ್ತೀನಿ, ಗ್ರಾಹಕ ಆಯೋಗದ ಬಾಗಿಲು ಆಮೇಲೆ. ಇದನ್ನ ಬೆದರಿಕೆ ಅಂತ ತಗೋಬೇಡಿ, ಮುಂಚೆನೇ ಹೇಳಿದೆ ಅಂತ ಇರ್ಲಿ ಅಷ್ಟೆ.

ಕನ್ಸ್ಯೂಮಬಲ್ಸ್ ವಿವರ ಕೊಟ್ರೆ ಬಾಕಿ ಆಗೋ 190 ರೂಪಾಯಿ ಗಲ್ಲಾ ಪೆಟ್ಟಿಗೇಲಿ ಬೇರೆ ಕವರಲ್ಲಿ ಇಟ್ಟಿದೀನಿ, ಮೇಲೆ ಆಸ್ಪತ್ರೆ ಅಂತ ಬರೆದಿದೆ. ಸರಿಯಾದ ಬಿಲ್ ಬಂದ ದಿನ ನಾನೇ ಬಂದು ಕಟ್ಟಿ ರಸೀದಿ ತಗೊಂಡು ಹೋಗ್ತೀನಿ. ಅಮ್ಮನೂ ಬರ್ತಾರಂತೆ, ಆ ಸಿಸ್ಟರನ್ನ ಒಂದ್ಸಲ ನೋಡ್ಬೇಕಂತೆ.

ಇಂತಿ,
ಹಸಿರು ಸ್ಟಿಕ್ಕರ್ ಹಾಕಿಸ್ಕೊಂಡು ಕೂತಿದ್ದ ನಿಮ್ಮ ಪೇಷೆಂಟಿನ ಮಗ,
ಮೈಸೂರು